ಎತ್ತರವೆಲ್ಲ ತಗ್ಗುವ ದಿನ: ಹೀಬ್ರೂ ಪ್ರವಾದಿಗಳ ಕಾವ್ಯದಲ್ಲಿ ದರ್ಪ ಮತ್ತು ದೈನ್ಯ

ಮೇಲಿದ್ದವರು ಒಂದು ದಿನ ಕೆಳಗಿಳಿಯುತ್ತಾರೆ, ಕೆಳಗಿದ್ದವರು ಮೇಲೇರುತ್ತಾರೆ ಎಂಬ ನಂಬಿಕೆ ಹಲವು ಜನಪದಗಳಲ್ಲಿದೆ. ನಮ್ಮಲ್ಲಿ ಅದು ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯಾಗಿ ನಿಂತಿದೆ. ಈ ಗಾದೆಯಲ್ಲಿ ಸಮಾಧಾನವಿದೆ, ಆದರೆ ನ್ಯಾಯವಿಲ್ಲ. ಕಾಲ ಬದಲಾದಾಗ ಸೊಸೆ ಅತ್ತೆಯಾಗುತ್ತಾಳೆಯೇ ಹೊರತು ಅತ್ತೆತನ ಹಾಗೆಯೇ ಉಳಿಯುತ್ತದೆ. ಗರ್ವಿಷ್ಠರನ್ನು ದೇವರು ತಗ್ಗಿಸುತ್ತಾನೆ, ಬಡವರನ್ನು ಎತ್ತುತ್ತಾನೆ ಎಂದು ಸಾರಿದ ಹೀಬ್ರೂ ಪ್ರವಾದಿಗಳ ಕಾವ್ಯವೂ ಇಷ್ಟನ್ನೇ ಹೇಳುತ್ತದೆಯೇ, ಅಥವಾ ಇದಕ್ಕಿಂತ ಮಿಗಿಲಾದುದನ್ನು ಹೇಳುತ್ತದೆಯೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಬೈಬಲಿನ ಈ ಭಾಗವನ್ನು ಭಕ್ತರು ಪೂಜ್ಯಭಾವದಿಂದ ಓದುತ್ತಾರೆ. ಉಳಿದವರು ಅದು ಬೇರೆಯವರ ಗ್ರಂಥವೆಂದು ಬದಿಗಿಡುತ್ತಾರೆ. ಕಾವ್ಯವೆಂದು ಓದುವವರು ವಿರಳ. ಆದರೂ ನಮ್ಮ ಗಡಿನಾಡಿನ ಓದುಗರಿಗೆ ಇದು ತೀರ ಹೊರಗಿನದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರೂ ಮುಖ್ಯವಾಗಿ ದುಡಿದ ಕನ್ನಡ ಬೈಬಲ್ 1830ರ ದಶಕದ ಮೊದಲ ವರ್ಷಗಳಲ್ಲಿ ಪೂರ್ಣಗೊಂಡಿತು. ಅದೇ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಎಂದರೆ ಯೆಶಾಯನಿಗೂ ಆಮೋಸನಿಗೂ ಕನ್ನಡದಲ್ಲಿ ಮಾತು ಬಂದದ್ದು ನಮ್ಮ ಹಳೆಯ ಜಿಲ್ಲಾ ಕೇಂದ್ರದಲ್ಲಿಯೇ.

ಮೊದಲು ‘ಪ್ರವಾದಿ’ ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಪ್ರವಾದನೆಯೆಂದೊಡನೆ ಕಾಲಜ್ಞಾನದ ಕಡೆಗೆ, ಮುಂದೆ ನಡೆಯುವುದನ್ನು ಮೊದಲೇ ಹೇಳುವ ವಿದ್ಯೆಯ ಕಡೆಗೆ ನಮ್ಮ ಮನಸ್ಸು ಹೋಗುತ್ತದೆ. ಹೀಬ್ರೂ ಪ್ರವಾದಿಗಳು ಮುಂದಿನದನ್ನು ಕುರಿತು ಹೇಳಿದ್ದುಂಟು. ಆದರೆ ಅವರ ಕಣ್ಣು ನೆಟ್ಟಿದ್ದುದು ತಮ್ಮ ಕಾಲದ ಅರಮನೆ, ಸಂತೆ, ನ್ಯಾಯಸ್ಥಾನ, ಗುಡಿಗಳ ಮೇಲೆ. ಅವರ ಭವಿಷ್ಯವಾಣಿ ಬಹುಮಟ್ಟಿಗೆ ವರ್ತಮಾನದ ಮೇಲೆ ಕೊಟ್ಟ ತೀರ್ಪು.

ಈ ಕಾವ್ಯದ ಕಟ್ಟಡವೂ ಗಮನಾರ್ಹ. ಹೀಬ್ರೂ ಪದ್ಯದಲ್ಲಿ ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ, ಇಲ್ಲವೇ ಅದರ ವಿರುದ್ಧವನ್ನು ಹೇಳಿ ತೂಗುತ್ತದೆ. ಆಕ್ಸ್‌ಫರ್ಡಿನ ರಾಬರ್ಟ್ ಲೌತ್ 1753ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಈ ಸಮಾಂತರ ರಚನೆಯನ್ನು ಗುರುತಿಸಿ ವಿವರಿಸಿದರು. ಪ್ರಾಸವೂ ಮಾತ್ರಾಗಣವೂ ಭಾಷಾಂತರದಲ್ಲಿ ಸತ್ತುಹೋಗುತ್ತವೆ. ಅರ್ಥದ ಈ ತೂಗು ಮಾತ್ರ ಉಳಿಯುತ್ತದೆ. ಕನ್ನಡ ಗದ್ಯದಲ್ಲಿ ಓದಿದರೂ ಪ್ರವಾದಿಗಳ ಮಾತಿಗೆ ಒಂದು ನಡೆ ಇರುವುದು ಇದರಿಂದಲೇ. ದರ್ಪ–ದೈನ್ಯಗಳ ವಸ್ತುವಿಗೆ ಈ ರಚನೆ ಹೇಳಿ ಮಾಡಿಸಿದಂತಿದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏರಲೇಬೇಕು.

ಈ ಆಶಯದ ಪ್ರಾಚೀನ ಹಾಡುಗಳಲ್ಲೊಂದು ಸಮುವೇಲನ ಮೊದಲ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಹಾಡುವವಳು ಹನ್ನ. ಮಕ್ಕಳಿಲ್ಲವೆಂದು ಸವತಿಯ ಚುಚ್ಚುಮಾತುಗಳನ್ನು ವರ್ಷ ವರ್ಷವೂ ಕೇಳಿ ನೊಂದವಳು. ದೇವಾಲಯದಲ್ಲಿ ತುಟಿಯಷ್ಟೇ ಅಲ್ಲಾಡುವಂತೆ ಪ್ರಾರ್ಥಿಸುತ್ತಿದ್ದಾಗ ಅಮಲೇರಿದವಳೆಂದು ಯಾಜಕ ಏಲಿಯಿಂದ ಗದರಿಸಿಕೊಂಡವಳು. ಮಗ ಹುಟ್ಟಿ, ಅವನನ್ನು ದೇವರಿಗೆ ಒಪ್ಪಿಸುವಾಗ ಅವಳು ಹಾಡುವ ಹಾಡು ತೊಟ್ಟಿಲ ಹಾಡಲ್ಲ. ಬಲಶಾಲಿಗಳ ಬಿಲ್ಲು ಮುರಿಯುವುದನ್ನು, ಉಂಡು ತೇಗಿದವರು ಅನ್ನಕ್ಕಾಗಿ ಕೂಲಿಗೆ ಹೋಗುವುದನ್ನು, ತಿಪ್ಪೆಯ ಮೇಲಿದ್ದ ಬಡವ ಪ್ರಭುಗಳ ಸಾಲಿನಲ್ಲಿ ಕೂರುವುದನ್ನು ಅವಳು ಹಾಡುತ್ತಾಳೆ. ಒಬ್ಬ ಹೆಂಗಸಿನ ಮನೆಯೊಳಗಿನ ನೋವು ಒಂದು ರಾಜ್ಯದ ರಾಜಕಾರಣವಾಗಿ ಬೆಳೆಯುವ ಈ ಬಗೆ ಬೆರಗು ಹುಟ್ಟಿಸುವಂಥದು.

ಇಷ್ಟಕ್ಕೇ ನಿಂತರೆ ಹನ್ನಳ ಹಾಡು ನಮ್ಮ ಗಾದೆಯಿಂದ ಬಹಳ ದೂರ ಹೋದಂತಾಗುವುದಿಲ್ಲ. ಸಮುವೇಲನ ಗ್ರಂಥಕಾರ ಈ ಹಾಡನ್ನು ಮೊದಲಲ್ಲಿಟ್ಟು, ಮುಂದಿನ ಕಥೆಯಲ್ಲೆಲ್ಲ ಅದನ್ನು ಒರೆಗೆ ಹಚ್ಚುತ್ತಾನೆ. ಗದರಿಸಿದ ಏಲಿ ಪೀಠದಿಂದ ಹಿಂದಕ್ಕೆ ಬಿದ್ದು ಸಾಯುತ್ತಾನೆ. ಜನರೆಲ್ಲರಿಗಿಂತ ತಲೆಯೆತ್ತರಕ್ಕಿದ್ದ ಸೌಲ ಕುಸಿಯುತ್ತಾನೆ. ಕುರಿ ಕಾಯುತ್ತಿದ್ದ ದಾವೀದ ಅರಸನಾಗುತ್ತಾನೆ. ಹಾಡು ನಿಜವಾಯಿತೆಂದು ಓದುಗ ಸಮಾಧಾನಪಡುವ ಹೊತ್ತಿಗೆ, ಮೇಲೆತ್ತಲ್ಪಟ್ಟ ಇದೇ ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಅರಮನೆಗೆ ಕರೆಸಿಕೊಂಡು, ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯುವಂತೆ ಮಾಡುತ್ತಾನೆ. ಪ್ರವಾದಿ ನಾತಾನ ಅರಸನೆದುರು ನಿಂತು ಒಂದು ಕಥೆ ಹೇಳುತ್ತಾನೆ. ದನಕುರಿಗಳ ಹಿಂಡೇ ಇದ್ದ ಧನಿಕನೊಬ್ಬ, ಮನೆಗೆ ಬಂದ ಅತಿಥಿಗಾಗಿ ಬಡವನ ಒಂದೇ ಒಂದು ಸಾಕುಕುರಿಯನ್ನು ಕಿತ್ತುಕೊಂಡ ಕಥೆ. ಆ ಧನಿಕ ಸಾಯಬೇಕೆಂದು ದಾವೀದ ಕೆರಳಿದಾಗ, ಆ ಮನುಷ್ಯ ನೀನೇ ಎಂದು ನಾತಾನ ತೋರಿಸಿಕೊಡುತ್ತಾನೆ. ಕುರುಬನಾಗಿದ್ದವನಿಗೆ ಕುರಿಯ ಕಥೆಯಿಂದಲೇ ತೀರ್ಪು. ಸೊಸೆ ಅತ್ತೆಯಾದುದನ್ನು ಗ್ರಂಥ ಮುಚ್ಚಿಡುವುದಿಲ್ಲ. ಎತ್ತಿದ ದೇವರೇ ಇಳಿಸಲೂ ಬಲ್ಲ ಎಂಬಲ್ಲಿಗೆ ಹನ್ನಳ ಹಾಡು ಗೆದ್ದವರ ಹಾಡಾಗಿ ಉಳಿಯದೆ, ಗೆದ್ದವರಿಗೆ ಎಚ್ಚರಿಕೆಯಾಗುತ್ತದೆ.

ಈ ಎಚ್ಚರಿಕೆಯನ್ನು ಅತ್ಯಂತ ಚತುರವಾದ ರಚನೆಯಲ್ಲಿ ಹಿಡಿದಿಟ್ಟವನು ಆಮೋಸ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ, ದಕ್ಷಿಣದ ಯೆಹೂದದಲ್ಲಿ ಉಜ್ಜೀಯನೂ ಉತ್ತರದ ಇಸ್ರಾಯೇಲಿನಲ್ಲಿ ಎರಡನೆಯ ಯಾರೊಬ್ಬಾಮನೂ ಆಳುತ್ತಿದ್ದಾಗ ಬಾಳಿದವನು. ಊರು ದಕ್ಷಿಣದ ತೆಕೋವ. ಕಸುಬು ಕುರಿ ಸಾಕಣೆ ಮತ್ತು ಕಾಡು ಅತ್ತಿಯ ಕೃಷಿ. ಮಾತನಾಡಿದ್ದು ಗಡಿ ದಾಟಿ ಉತ್ತರ ರಾಜ್ಯದಲ್ಲಿ. ಆ ರಾಜ್ಯಕ್ಕೆ ಅದು ಸಿರಿಯ ಕಾಲ. ಆಮೋಸ ದಂತದ ಮನೆಗಳನ್ನೂ ದಂತದ ಮಂಚಗಳನ್ನೂ ಹೆಸರಿಸಿ ಖಂಡಿಸುತ್ತಾನೆ. ಇಪ್ಪತ್ತನೆಯ ಶತಮಾನದ ಉತ್ಖನನದಲ್ಲಿ ಸಮಾರ್ಯದ ಅರಮನೆಯ ಆವರಣದಿಂದ ಕೆತ್ತನೆಯ ದಂತದ ಫಲಕಗಳು ಸಿಕ್ಕಿವೆ. ಅರಮನೆಗೆ ಬಂದ ಎಣ್ಣೆ, ದ್ರಾಕ್ಷಾರಸಗಳ ಲೆಕ್ಕ ಬರೆದ ಮಡಕೆಯ ಚೂರುಗಳೂ ಸಿಕ್ಕಿವೆ. ಪ್ರವಾದಿಯ ಸಿಟ್ಟಿಗೆ ಭೂಮಿಯೇ ಸಾಕ್ಷಿ ಒದಗಿಸಿದೆ.

ಆಮೋಸನ ಗ್ರಂಥ ನೆರೆರಾಜ್ಯಗಳ ಮೇಲಿನ ತೀರ್ಪಿನಿಂದ ಆರಂಭವಾಗುತ್ತದೆ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್: ಒಂದೊಂದರ ಯುದ್ಧಕ್ರೌರ್ಯವನ್ನೂ ಒಂದೇ ಬಗೆಯ ಪಲ್ಲವಿಯೊಂದಿಗೆ ಎತ್ತಿ ಆಡುತ್ತಾನೆ. ಗರ್ಭಿಣಿಯರ ಒಡಲು ಸೀಳಿದವರು, ಸೆರೆಯಾಳುಗಳನ್ನು ಮಾರಿದವರು, ಅರಸನೊಬ್ಬನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದವರು. ಉತ್ತರದ ಶ್ರೋತೃಗಳು ಪ್ರತಿಯೊಂದಕ್ಕೂ ತಲೆದೂಗಿರಬೇಕು. ಏಳನೆಯದಾಗಿ ದಕ್ಷಿಣದ ಯೆಹೂದವನ್ನು ಹೆಸರಿಸಿದಾಗ ಇನ್ನಷ್ಟು ಹಿಗ್ಗಿರಬೇಕು. ಸುತ್ತ ಬಂದ ಬಲೆ ಎಂಟನೆಯ ಸಲ ಅವರ ಮೇಲೆಯೇ ಬೀಳುತ್ತದೆ. ಅವರ ಮೇಲಿನ ಆರೋಪ ಯುದ್ಧದ್ದಲ್ಲ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದ್ದು, ಸಾಲಕ್ಕೆ ಒತ್ತೆಯಿಟ್ಟ ಬಟ್ಟೆಯನ್ನು ಹಾಸಿಕೊಂಡು ದೇವರ ಬಲಿಪೀಠದ ಪಕ್ಕದಲ್ಲಿಯೇ ಮಲಗಿದ್ದು, ದಂಡವಾಗಿ ಕಸಿದ ದ್ರಾಕ್ಷಾರಸವನ್ನು ಗುಡಿಯಲ್ಲಿ ಕುಡಿದದ್ದು. ಪರರಾಜ್ಯದ ಹತ್ಯಾಕಾಂಡವನ್ನೂ ಸ್ವಂತ ಊರಿನ ಸಾಲಪತ್ರವನ್ನೂ ಒಂದೇ ಪಟ್ಟಿಯಲ್ಲಿಟ್ಟು ಒಂದೇ ತೂಕ ಕೊಟ್ಟದ್ದರಲ್ಲಿ ಆಮೋಸನ ಪ್ರತಿಭೆಯಿದೆ. ಬೇತೇಲಿನ ಯಾಜಕ ಅಮಚ್ಯನಿಗೆ ಇದು ಸಹನೆಯಾಗಲಿಲ್ಲ. ನಿನ್ನ ನಾಡಿಗೆ ಹೋಗು, ಅಲ್ಲಿಯೇ ಪ್ರವಾದಿಸಿ ಹೊಟ್ಟೆ ಹೊರೆದುಕೋ, ಇದು ಅರಸನ ಪವಿತ್ರಸ್ಥಾನ ಎಂಬರ್ಥದಲ್ಲಿ ಅವನು ಗದರಿದ. ‘ಹೊರಗಿನವನು’ ಎಂಬ ಒಂದೇ ಮಾತಿನಿಂದ ಸತ್ಯವನ್ನು ಗಡಿಯಾಚೆಗೆ ಅಟ್ಟುವ ಉಪಾಯ ಅಷ್ಟು ಹಳೆಯದು. ಕೆಲವೇ ದಶಕಗಳ ಬಳಿಕ, ಕ್ರಿ.ಪೂ. 722ರ ಸುಮಾರಿಗೆ, ಅಸ್ಸೀರಿಯದ ಸೈನ್ಯಕ್ಕೆ ಸಮಾರ್ಯ ಬಿದ್ದಿತು.

ಯೆಶಾಯನ ಗ್ರಂಥದ ಎರಡನೆಯ ಅಧ್ಯಾಯ ಈ ವಸ್ತುವಿನ ಮಹಾಚಿತ್ರ. ದೇವರ ದಿನವೊಂದು ಬರಲಿದೆ. ಎತ್ತರವಾದುದೆಲ್ಲದರ ವಿರುದ್ಧ ಬರಲಿದೆ. ಲೆಬನೋನಿನ ದೇವದಾರು, ಬಾಷಾನಿನ ಅಲ್ಲೋನ ಮರ, ಪರ್ವತ, ಗುಡ್ಡ, ಗೋಪುರ, ಕೋಟೆಗೋಡೆ, ತಾರ್ಷೀಷಿನ ಹಡಗು. ಐದು ವಾಕ್ಯಗಳಲ್ಲಿ ‘ಎಲ್ಲದರ ಮೇಲೆ’ ಎಂಬರ್ಥದ ಹೀಬ್ರೂ ಪದಪುಂಜ ಹತ್ತು ಸಲ ಬಡಿಯುತ್ತದೆ. ದೇವದಾರು ಮಾಡಿದ ತಪ್ಪೇನು ಎಂದು ಓದುಗ ಕೇಳಬಹುದು. ಆದರೆ ಆ ಲೋಕದಲ್ಲಿ ದೇವದಾರು ಎಂದರೆ ಅರಮನೆಯ ತೊಲೆ, ಬಾಷಾನಿನ ಮರವೆಂದರೆ ಹಡಗಿನ ಹುಟ್ಟು. ಪ್ರಕೃತಿಯ ಎತ್ತರದಿಂದ ಹೊರಟ ಪಟ್ಟಿ ಮನುಷ್ಯ ಕಟ್ಟಿದ ಎತ್ತರಕ್ಕೆ ಬಂದು ಮುಟ್ಟುವುದು ಅರ್ಥಪೂರ್ಣವಾಗಿದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಬಾಬೆಲಿನ ಅರಸ ಸತ್ತಾಗ ಇದೇ ಲೆಬನೋನಿನ ಮರಗಳು ನಲಿಯುತ್ತವೆ. ಇನ್ನು ತಮ್ಮನ್ನು ಕಡಿಯಲು ಯಾರೂ ಬೆಟ್ಟ ಹತ್ತಿ ಬರುವುದಿಲ್ಲವೆಂಬುದು ಅವುಗಳ ಸಂತೋಷ.

ಇನ್ನೂ ಸೂಕ್ಷ್ಮವಾದ ಒಂದು ಅಂಶವಿದೆ. ಎತ್ತರವಾದುದು, ಮೇಲೆತ್ತಲ್ಪಟ್ಟುದು ಎಂಬುದಕ್ಕೆ ಎರಡನೆಯ ಅಧ್ಯಾಯ ಬಳಸುವ ಹೀಬ್ರೂ ಮಾತುಗಳು ‘ರಾಮ್’ ಮತ್ತು ‘ನಿಸ್ಸಾ’. ಆರನೆಯ ಅಧ್ಯಾಯದಲ್ಲಿ ಯೆಶಾಯನಿಗೆ ದೇವರ ಸಿಂಹಾಸನದ ದರ್ಶನವಾದಾಗ ಇದೇ ಎರಡು ಮಾತು. ಗ್ರಂಥದ ಉತ್ತರಭಾಗ ಬಾಬೆಲಿನ ಸೆರೆಯ ಕಾಲಕ್ಕೂ ಅದರ ನಂತರಕ್ಕೂ ಸೇರಿದ್ದೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಅಲ್ಲಿ, ಐವತ್ತೆರಡನೆಯ ಅಧ್ಯಾಯದಲ್ಲಿ, ಜನರ ತಿರಸ್ಕಾರಕ್ಕೆ ಗುರಿಯಾಗಿ ರೂಪಗೆಟ್ಟ ಸೇವಕನೊಬ್ಬನನ್ನು ಕುರಿತು ಈ ಮಾತುಗಳ ಧಾತುಗಳೇ ಮತ್ತೆ ಬರುತ್ತವೆ. ಐವತ್ತೇಳನೆಯ ಅಧ್ಯಾಯದಲ್ಲಿ, ಎತ್ತರದಲ್ಲಿರುವ ದೇವರು ಮನಮುರಿದು ತಗ್ಗಿದವರ ಜೊತೆಯಲ್ಲೂ ವಾಸಿಸುತ್ತಾನೆ ಎನ್ನುವಲ್ಲಿ ಇನ್ನೊಮ್ಮೆ ಬರುತ್ತವೆ. ಗರ್ವಿ, ದೇವರು, ನೊಂದ ಸೇವಕ ಮೂವರಿಗೂ ಒಂದೇ ಪದ. ಎತ್ತರ ತನ್ನಷ್ಟಕ್ಕೆ ಪಾಪವಲ್ಲ. ಕೆಳಗಿನವರ ಬಳಿಗೆ ಇಳಿದು ಬರಲಾರದ ಎತ್ತರ ಪಾಪ. ಹಲವು ಕೈಗಳು ಸೇರಿ ಬೆಳೆಸಿದ ಗ್ರಂಥವೊಂದು ಎರಡು ಪದಗಳ ಮೂಲಕ ಇಷ್ಟು ದೂರ ಯೋಚಿಸಿದೆ.

ಪ್ರಶಂಸೆಯ ಜೊತೆಗೆ ಆಕ್ಷೇಪವನ್ನೂ ಹೇಳಬೇಕು. ಯೆಶಾಯನ ಮೂರನೆಯ ಅಧ್ಯಾಯ ಬಡವರ ಮುಖವನ್ನು ಅರೆದ ಹಿರಿಯರನ್ನು ಕೆಲವೇ ಸಾಲುಗಳಲ್ಲಿ ಖಂಡಿಸಿ, ಯೆರೂಸಲೇಮಿನ ಹೆಂಗಸರ ನಡಿಗೆಯನ್ನೂ ಅವರ 21 ಬಗೆಯ ಒಡವೆ ವಸ್ತ್ರಗಳನ್ನೂ ಎಣಿಸಿ ಹಂಗಿಸಲು ಹೆಚ್ಚು ಜಾಗ ಬಳಸುತ್ತದೆ. ಅವರಿಗೆ ಒದಗುವ ಅಪಮಾನವನ್ನು ಚಿತ್ರಿಸುವಲ್ಲಿ ನ್ಯಾಯಕ್ಕಿಂತ ಹೀಯಾಳಿಕೆಯೇ ಮುಂದಾಗಿದೆ. ಸಮಾರ್ಯದ ಸ್ತ್ರೀಯರನ್ನು ಬಾಷಾನಿನ ಹಸುಗಳೆಂದು ಕರೆದ ಆಮೋಸನೂ ಇದಕ್ಕೆ ಹೊರತಲ್ಲ. ಕಾನೂನು ಬರೆದವರೂ ಹೊಲಕ್ಕೆ ಹೊಲ ಸೇರಿಸಿಕೊಂಡವರೂ ಗಂಡಸರಾಗಿದ್ದ ಲೋಕದಲ್ಲಿ ಈ ತೂಕ ಸರಿಯಾದುದಲ್ಲ. ಇದೇ ಪರಂಪರೆಯ ಶ್ರೇಷ್ಠವಾದ ಎರಡು ಹಾಡುಗಳು ಹೆಂಗಸರ ಬಾಯಿಂದ ಬಂದಿವೆಯೆಂಬುದು ಅದಕ್ಕೆ ಪರಂಪರೆಯೇ ಕೊಟ್ಟ ಉತ್ತರವೆಂದು ನಾವು ತಿಳಿಯುತ್ತೇವೆ.

ಪ್ರವಾದನೆ ನಿಜವಾಗದಿದ್ದರೆ ಏನು? ಯೆಹೆಜ್ಕೇಲನ ಗ್ರಂಥ ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸುತ್ತದೆ. ಕಡಲ ವ್ಯಾಪಾರದಿಂದ ಬೀಗಿದ ತೂರ್ ಪಟ್ಟಣವನ್ನು ಅವನು ಒಂದು ಸುಂದರ ಹಡಗಾಗಿ ಚಿತ್ರಿಸಿ, ಅದಕ್ಕೆ ಬರುವ ಸರಕುಗಳನ್ನೆಲ್ಲ ಹೆಸರಿಸಿ, ನಡುಗಡಲಿನಲ್ಲಿ ಮುಳುಗಿಸುತ್ತಾನೆ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಅದನ್ನು ಹಾಳುಗೆಡವುತ್ತಾನೆ ಎಂದೂ ಹೇಳುತ್ತಾನೆ. ಆದರೆ ಇಪ್ಪತ್ತೊಂಬತ್ತನೆಯ ಅಧ್ಯಾಯದಲ್ಲಿ ಬೇರೊಂದು ಧ್ವನಿ ಕೇಳುತ್ತದೆ: ಸೈನಿಕರ ತಲೆಗಳು ಬೋಳಾದವು, ಹೆಗಲುಗಳ ಚರ್ಮ ಸುಲಿಯಿತು, ಆದರೂ ತೂರಿನಿಂದ ಅವರಿಗೆ ಕೂಲಿ ದಕ್ಕಲಿಲ್ಲ. ಪಟ್ಟಣ ಪೂರ್ತಿಯಾಗಿ ಸೂರೆಹೋದದ್ದು ಬಹುಕಾಲದ ನಂತರ, ಕ್ರಿ.ಪೂ. 332ರಲ್ಲಿ, ಅಲೆಕ್ಸಾಂಡರನ ಕೈಯಲ್ಲಿ. ಕಣಿ ಹೇಳುವವನಾಗಿದ್ದರೆ ತನ್ನ ಹಳೆಯ ಮಾತನ್ನು ಅಳಿಸಿಹಾಕುತ್ತಿದ್ದ. ಗ್ರಂಥ ಎರಡನ್ನೂ ಉಳಿಸಿಕೊಂಡಿದೆ. ದರ್ಪದ ಮೇಲಿನ ತೀರ್ಪು ಮುಖ್ಯ, ಅದು ಜಾರಿಯಾಗುವ ದಿನಾಂಕ ಮುಖ್ಯವಲ್ಲ ಎಂಬ ವಿವೇಕ ಇದರಲ್ಲಿದೆ. ಸೋತ ಸೈನ್ಯದ ಕೂಲಿಯಾಳುಗಳ ಸುಲಿದ ಹೆಗಲುಗಳನ್ನು ನೆನೆಯುವ ಕರುಣೆಯೂ ಇದೆ.

ಹನ್ನಳ ಹಾಡಿನ ಮರುಧ್ವನಿ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಕೇಳುತ್ತದೆ. ರೋಮಿನ ಚಕ್ರವರ್ತಿಯ ನೆರಳಲ್ಲಿ ಹೆರೋದನು ಆಳುತ್ತಿದ್ದಾಗ, ಗಲಿಲಾಯದ ಬಡ ಹುಡುಗಿ ಮರಿಯಳು ಹಾಡುತ್ತಾಳೆ. ಅವಳ ಹಾಡಿನಲ್ಲಿ ಬಲಾಢ್ಯರು ಸಿಂಹಾಸನದಿಂದ ಇಳಿದಾಗಿದೆ, ಹಸಿದವರು ಉಂಡಾಗಿದೆ, ಸಿರಿವಂತರು ಬರಿಗೈಯಲ್ಲಿ ಹೋಗಿಯಾಗಿದೆ. ಗ್ರೀಕ್ ಮೂಲದ ಕ್ರಿಯಾಪದಗಳು ಆಗಿಹೋದುದನ್ನು ಹೇಳುವ ರೂಪದಲ್ಲಿವೆ. ಲೋಕದಲ್ಲಿ ಮಾತ್ರ ಹೆರೋದ ಕುಳಿತಲ್ಲಿಯೇ ಕುಳಿತಿದ್ದಾನೆ. ವ್ಯಾಕರಣವೇ ಇಲ್ಲಿ ನಂಬಿಕೆಯಾಗಿದೆ. ಇನ್ನೊಂದು ವ್ಯತ್ಯಾಸ ನಮ್ಮ ಮೂಲ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಹನ್ನಳ ಬಡವ ಪ್ರಭುಗಳೊಡನೆ ಮಾನದ ಪೀಠದಲ್ಲಿ ಕೂರುತ್ತಾನೆ. ಮರಿಯಳ ಹಾಡಿನಲ್ಲಿ ದೀನರು ಮೇಲೇಳುತ್ತಾರೆ, ಆದರೆ ತೆರವಾದ ಸಿಂಹಾಸನದ ಮೇಲೆ ಅವರು ಕುಳಿತರೆಂದು ಅವಳು ಹೇಳುವುದಿಲ್ಲ. ಅದು ಹಾಗೆಯೇ ಬರಿದಾಗಿ ಉಳಿಯುತ್ತದೆ. ಅತ್ತೆಯ ಕಾಲ ಮುಗಿದ ಮೇಲೆ ಸೊಸೆಯ ಕಾಲ ಬರಲೇಬೇಕೆಂಬ ನಿಯಮವನ್ನು ಈ ಹಾಡು ಮೌನದಿಂದಲೇ ಮುರಿದಿದೆ.

ಕೊನೆಗೆ ನಿನೆವೆಯ ವಿಷಯ. ಅಸ್ಸೀರಿಯದ ಈ ರಾಜಧಾನಿ ಕ್ರಿ.ಪೂ. 612ರಲ್ಲಿ ಬಿದ್ದಿತು. ಆ ಪತನವನ್ನು ಹಾಡುವ ನಹೂಮನ ಗ್ರಂಥ, ಸುದ್ದಿ ಕೇಳಿದವರೆಲ್ಲ ಚಪ್ಪಾಳೆ ತಟ್ಟುವ ಚಿತ್ರದೊಂದಿಗೆ ಮುಗಿಯುತ್ತದೆ. ತುಳಿತಕ್ಕೊಳಗಾದವರ ಆ ಚಪ್ಪಾಳೆಯನ್ನು ಹಳಿಯುವ ಹಕ್ಕು ನಮಗಿಲ್ಲ. ಆದರೆ ಯೋನನ ಗ್ರಂಥ ಅದೇ ನಿನೆವೆಯನ್ನು ಬೇರೆ ರೀತಿ ಕಾಣುತ್ತದೆ. ನಲವತ್ತು ದಿನಗಳಲ್ಲಿ ಪಟ್ಟಣ ಬುಡಮೇಲಾಗುವುದೆಂದು ಯೋನ ಸಾರುತ್ತಾನೆ. ಅಲ್ಲಿನ ಹೀಬ್ರೂ ಕ್ರಿಯಾಪದಕ್ಕೆ ಕೆಡಹುವುದು, ಮಾರ್ಪಡುವುದು ಎರಡೂ ಅರ್ಥಗಳುಂಟು. ಅರಸ ತಾನಾಗಿಯೇ ಸಿಂಹಾಸನದಿಂದ ಎದ್ದು, ರಾಜವಸ್ತ್ರ ಕಳಚಿ, ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕೂರುತ್ತಾನೆ. ಹನ್ನಳ ಬಡವ ತಿಪ್ಪೆಯಿಂದ ಎದ್ದು ಬಂದ. ಈ ಅರಸ ಬೂದಿಗೆ ಇಳಿದು ಬಂದ. ಪಟ್ಟಣ ಉರುಳಲಿಲ್ಲ, ಹೊರಳಿತು. ಉರುಳಲಿಲ್ಲವಲ್ಲ ಎಂದು ಪ್ರವಾದಿಯೇ ಮುನಿಸಿಕೊಳ್ಳುತ್ತಾನೆ. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರೂ ಅಷ್ಟೊಂದು ದನಕರುಗಳೂ ಇರುವ ಊರಿಗಾಗಿ ತಾನು ಮರುಗಬಾರದೇ ಎಂಬ ದೇವರ ಪ್ರಶ್ನೆಯೊಂದಿಗೆ ಗ್ರಂಥ ನಿಲ್ಲುತ್ತದೆ. ಬೈಬಲಿನಲ್ಲಿ ಪ್ರಶ್ನೆಯಿಂದ ಮುಗಿಯುವ ಗ್ರಂಥಗಳು ನಹೂಮ ಮತ್ತು ಯೋನ ಎರಡೇ. ಎರಡೂ ನಿನೆವೆಯನ್ನು ಕುರಿತವು. ಸೇಡಿನ ಪ್ರಶ್ನೆಯನ್ನೂ ಕರುಣೆಯ ಪ್ರಶ್ನೆಯನ್ನೂ ಪರಂಪರೆ ಜೊತೆಯಾಗಿಯೇ ಕಾಪಾಡಿಕೊಂಡಿದೆ.

ಹೀಬ್ರೂವಿನಲ್ಲಿ ಬಡತನವನ್ನು ಸೂಚಿಸುವ ಮಾತೂ ವಿನಯವನ್ನು ಸೂಚಿಸುವ ಮಾತೂ ಬಹಳ ಹತ್ತಿರದವು. ಕನ್ನಡದ ‘ದೀನ’ ಎಂಬ ಪದಕ್ಕೆ ಆ ಎರಡು ಅರ್ಥಗಳನ್ನೂ ಹೊರುವ ಶಕ್ತಿಯಿದೆ. ಅಪಾಯವೂ ಅಲ್ಲಿಯೇ ಇದೆ. ವಿನಯದ ಅರ್ಥವನ್ನಷ್ಟೇ ಹಿಡಿದರೆ ಹಸಿದವನ ಹೊಟ್ಟೆ ಮರೆತುಹೋಗುತ್ತದೆ, ‘ಬಡವಾ, ನೀ ಮಡಗಿದ ಹಾಗಿರು’ ಎಂಬ ಗಾದೆಗೆ ದೇವರ ಮುದ್ರೆ ಒತ್ತಿದಂತಾಗುತ್ತದೆ. ಪ್ರವಾದಿಗಳ ದೇವರು ಬಡವನನ್ನು ಮಡಗಿದ ಹಾಗಿರಲು ಬಿಡುವವನಲ್ಲ.

ಗಡಿಯ ಈಚೆಗೆ ಉಳಿದ ನಾವು ನಮ್ಮನ್ನು ತಗ್ಗಿಸಲ್ಪಟ್ಟವರ ಸಾಲಿನಲ್ಲಿ ಎಣಿಸಿಕೊಳ್ಳುವುದು ಸಹಜ. ಕನ್ನಡ ಶಾಲೆಯ ಒಂದೊಂದು ತರಗತಿಯೂ ತೆರವಾಗುವುದನ್ನು ಕಂಡವರಿಗೆ ಹನ್ನಳ ಹಾಡು ಹತ್ತಿರವೆನಿಸುತ್ತದೆ, ಹತ್ತಿರವೆನಿಸಲಿ. ಆದರೆ ಆಮೋಸನನ್ನು ಓದುವಾಗ ಮೊದಲ ಏಳು ಹೆಸರುಗಳಿಗೆ ತಲೆದೂಗಿ ಎದ್ದುಹೋಗಲು ನಮಗೆ ಅವಕಾಶವಿಲ್ಲ. ನಮ್ಮ ಹೊಲದಲ್ಲಿ ದುಡಿಯುವವರ ಕೂಲಿ, ನಮ್ಮ ಪೆಟ್ಟಿಗೆಯಲ್ಲಿರುವ ಸಾಲಪತ್ರ, ನಮ್ಮ ಪಂಕ್ತಿಯಿಂದ ದೂರ ಕುಳಿತವರ ಎಲೆ ಇವೆಲ್ಲ ಎಂಟನೆಯ ಹೆಸರಿನ ಕೆಳಗೆ ಬರುತ್ತವೆ. ಆ ಹೆಸರು ನಮ್ಮದಾಗಿರಬಹುದೆಂಬ ಅಳುಕಿನಿಂದ ಓದಿದವರಿಗೇ ಈ ಕಾವ್ಯ ಪೂರ್ತಿಯಾಗಿ ದಕ್ಕುತ್ತದೆಂದು ನಾವು ಭಾವಿಸುತ್ತೇವೆ.